ಹಾಲು ಕರೆಯುವವಳಿಗೂ ರಜೆ: ಸರೋವರದ ದಡದಲ್ಲಿ ಒಂದು ವಾರ

ತವರಿನಲ್ಲಿ ತಂಗಿಯ ಮದುವೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಹೋಗುತ್ತೀರಿ. ಧಾರೆ ಮುಗಿದು ಎಲೆಯ ಮುಂದೆ ಕೂತಾಗಲೇ ಗಡಿಯಾರ ನೋಡುತ್ತೀರಿ. "ಸಂಜೆ ಹಾಲಿನ ಹೊತ್ತಿಗೆ ಮನೆ ಸೇರಬೇಕಮ್ಮ" ಎಂದು ತಾಯಿಗೆ ಹೇಳಿ ಎದ್ದು ಬರುತ್ತೀರಿ. ಹಸು ಕಟ್ಟಿದ ಮನೆಯಲ್ಲಿ ಗಂಡಸರು ಮೂರು ದಿನ ಯಾತ್ರೆಗೆ ಹೋಗಿಬರುತ್ತಾರೆ, ಮಕ್ಕಳು ಶಾಲೆಯ ಪ್ರವಾಸಕ್ಕೆ ಹೋಗಿಬರುತ್ತಾರೆ. ಮನೆಯಾಕೆ ಎರಡು ರಾತ್ರಿ ಹೊರಗೆ ಮಲಗಿದ್ದು ಯಾವಾಗ ಎಂದು ಕೇಳಿದರೆ, ಹೆಚ್ಚಿನವರು ಹೇಳುವುದು ಹೆರಿಗೆಯ ಲೆಕ್ಕವನ್ನೋ ಆಸ್ಪತ್ರೆಯ ಲೆಕ್ಕವನ್ನೋ.

ಈ ಸಲ ನಿಮಗೆ ಹೇಳಹೊರಟಿರುವುದು ಫಿನ್‌ಲೆಂಡ್ ಎಂಬ ದೇಶದ ಹೈನುಗಾರ್ತಿಯರ ವಿಷಯ. ಅವರು ಬೇಸಿಗೆಯಲ್ಲಿ ಗಂಡ ಮಕ್ಕಳೊಂದಿಗೆ ಕಾಡಿನ ನಡುವಿನ ಸರೋವರದ ದಡಕ್ಕೆ ಹೋಗಿ ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಹಸು ಮಾರಿ ಹೋಗುವುದಿಲ್ಲ. ಅವು ಕೊಟ್ಟಿಗೆಯಲ್ಲೇ ಇರುತ್ತವೆ, ಹೊತ್ತಿಗೆ ಸರಿಯಾಗಿ ಹಾಲು ಕೊಡುತ್ತವೆ, ಆ ಹಾಲು ಸಹಕಾರಿ ಡೇರಿಗೂ ಹೋಗುತ್ತದೆ. ಅದು ಹೇಗೆ ಎಂಬುದೇ ನಮಗೆ ಬೇಕಾದ ಸಂಗತಿ.

ಫಿನ್‌ಲೆಂಡ್ ಯುರೋಪಿನ ಉತ್ತರದ ತುದಿಯಲ್ಲಿದೆ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಒಂದೂಮುಕ್ಕಾಲು ಪಟ್ಟು, ಜನ ಮಾತ್ರ 55 ಲಕ್ಷದ ಆಸುಪಾಸು, ಅಂದರೆ ಬೆಂಗಳೂರಿಗಿಂತ ಕಡಿಮೆ. ನೆಲದ ಮುಕ್ಕಾಲು ಪಾಲು ಕಾಡು. ಅಲ್ಲಿರುವ ಸರೋವರಗಳು ಚಿಕ್ಕವೂ ದೊಡ್ಡವೂ ಸೇರಿ ಸುಮಾರು 1,88,000. ಚಳಿಗಾಲದಲ್ಲಿ ಆ ಸರೋವರಗಳೆಲ್ಲ ಹೆಪ್ಪುಗಟ್ಟುತ್ತವೆ, ಹಸುಗಳು ತಿಂಗಳುಗಟ್ಟಲೆ ಕೊಟ್ಟಿಗೆಯೊಳಗೇ ಇರುತ್ತವೆ. ಹೊರಗೆ ಹಸಿರು ಕಾಣುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಕಟ್ಟಿ ಸಾಕುವ ಹಸುಗಳನ್ನು ಈ ಅವಧಿಯಲ್ಲಿ ಕನಿಷ್ಠ 60 ದಿನ ಹೊರಗೆ ಬಿಡಬೇಕೆಂದು ಅಲ್ಲಿ ಕಾನೂನೇ ಇದೆ. ಎಂದರೆ ಹಸುವಿನ ತಿರುಗಾಟಕ್ಕೂ ಅಲ್ಲಿ ದಿನಗಳ ಲೆಕ್ಕ ಇಟ್ಟಿದ್ದಾರೆ.

ಇಡೀ ವರ್ಷದ ಮೇವನ್ನು ಆ ಚಿಕ್ಕ ಬೇಸಿಗೆಯಲ್ಲೇ ಕೂಡಿಡಬೇಕು. ನಾವು ಈಗೀಗ ಗುಂಡಿಯಲ್ಲೋ ಚೀಲದಲ್ಲೋ ಮಾಡಲು ಕಲಿಯುತ್ತಿರುವ ರಸಮೇವು ಅವರಿಗೆ ಅಜ್ಜಿಯ ಕಾಲದ್ದು. 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಆರ್ತುರಿ ವಿರ್ತಾನೆನ್ ಆ ದೇಶದವರು. ಹಸಿಮೇವಿಗೆ ಆಮ್ಲ ಬೆರೆಸಿ ಕೆಡದಂತೆ ಕಾಪಿಡುವ ವಿಧಾನ ಅವರ ಮುಖ್ಯ ಕೊಡುಗೆ. ಅವರು ದುಡಿದದ್ದು 1905ರಲ್ಲಿ ಹುಟ್ಟಿದ, ಇಂದಿಗೂ ಹಾಲು ಉತ್ಪಾದಕರ ಸಹಕಾರ ಸಂಘಗಳದೇ ಆದ ವಾಲಿಯೊ ಸಂಸ್ಥೆಯ ಪ್ರಯೋಗಾಲಯದಲ್ಲಿ. ದನದ ಮೇವಿಗೆ ನೊಬೆಲ್ ಬಂದಿದೆ ಎಂದು ಮಕ್ಕಳಿಗೆ ಹೇಳಿ, ನಂಬುವುದಿಲ್ಲ.

ಹುಲ್ಲಿನ ಮೊದಲ ಕೊಯ್ಲು ಜೂನ್ ತಿಂಗಳಲ್ಲಿ ಮುಗಿಯುತ್ತದೆ. ಎರಡನೆಯದು ಜುಲೈ ಕೊನೆಗೋ ಆಗಸ್ಟ್‌ಗೋ ಬರುತ್ತದೆ. ನಡುವೆ ಸಿಗುವ ಕೆಲವು ವಾರಗಳಲ್ಲಿ ಶಾಲೆಗೂ ರಜೆ. ಹೈನುಗಾರರ ಸಂಸಾರ ಸರೋವರದ ಕಡೆ ಹೊರಡುವುದು ಈ ಸಂದಿಯಲ್ಲಿ.

ಬದಲಿಗೆ ಬರುವವರು

ಹಾಲು ಕರೆಯುವವರು ಯಾರು? ಅಲ್ಲಿ ಅದಕ್ಕೆಂದೇ ಒಂದು ಕೆಲಸವಿದೆ. ಅದನ್ನು ಮಾಡುವವರನ್ನು ಅವರ ಭಾಷೆಯಲ್ಲಿ ಲೊಮಿತ್ತಾಯ ಎನ್ನುತ್ತಾರೆ. ಲೊಮ ಎಂದರೆ ರಜೆ, ಲೊಮಿತ್ತಾಯ ಎಂದರೆ ರೈತರು ರಜೆಗೆ ಹೋದಾಗ ಅವರ ಬದಲಿಗೆ ಬಂದು ಕೊಟ್ಟಿಗೆ ನೋಡಿಕೊಳ್ಳುವವರು. 1970ರ ದಶಕದಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ, ದನ ಸಾಕುವವರಿಗೂ ವರ್ಷಕ್ಕೆ ಇಷ್ಟು ದಿನ ರಜೆ ಸಿಗಬೇಕು ಎಂದು ಗೊತ್ತುಪಡಿಸಿತು. ಈಗ ಅದು ವರ್ಷಕ್ಕೆ 26 ದಿನ. ರಜೆಯ ದಿನಗಳಲ್ಲಿ ಬದಲಿಗೆ ಬಂದವರ ಕೂಲಿಯನ್ನು ಸರ್ಕಾರ ಭರಿಸುತ್ತದೆ. ಕಾಯಿಲೆ ಬಿದ್ದಾಗ, ಹೆರಿಗೆಯ ಸಮಯದಲ್ಲಿ ಬೇರೆಯಾಗಿ ಸಹಾಯ ಕೇಳಬಹುದು. ಅದಕ್ಕೆ ರೈತರು ಸ್ವಲ್ಪ ಶುಲ್ಕ ಕೊಡಬೇಕು. ಎಲ್ಲವನ್ನೂ ನೋಡಿಕೊಳ್ಳುವುದು ರೈತರ ಪಿಂಚಣಿ ವಿಮೆಯ ಸಂಸ್ಥೆಯಾದ ಮೇಲಾ. ಪಿಂಚಣಿ ವಿಮೆಯಲ್ಲಿ ಹೆಸರಿದ್ದು, ಗೊತ್ತುಪಡಿಸಿದಷ್ಟು ಜಾನುವಾರು ಇದ್ದರೆ ಈ ರಜೆ ಹಕ್ಕು.

ಒಂದು ಅಂಶವನ್ನು ವಿಶೇಷವಾಗಿ ಗಮನಿಸಿ. ಈ ಹಕ್ಕು ಮನೆಗೆ ಅಲ್ಲ, ಆಳಿಗೆ. ಗಂಡನಿಗೆ ಎಷ್ಟೋ ಹೆಂಡತಿಗೂ ಅಷ್ಟೇ, ಆಕೆಯೂ ತನ್ನ ಹೆಸರಿನಲ್ಲಿ ವಿಮೆ ಮಾಡಿಸಿ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದರೆ. "ಯಜಮಾನರು ಹೋಗಿಬಂದರು, ಮನೆಯ ರಜೆ ಮುಗಿಯಿತು" ಎನ್ನುವ ಹಾಗಿಲ್ಲ.

ಬದಲಿಗೆ ಬರುವವರು ಹೊಸಬರಾದರೆ ಮೊದಲು ಮನೆಯವರ ಜೊತೆಗೇ ನಿಂತು ಕೆಲಸ ತಿಳಿದುಕೊಳ್ಳುತ್ತಾರೆ. ಯಾವ ಹಸು ಒದೆಯುತ್ತದೆ, ಯಾವುದರ ಹಿಂದಿನ ಎಡ ಮೊಲೆ ಬಿಗಿ, ಯಾವುದು ಗಬ್ಬ, ಯಾವುದಕ್ಕೆ ಕೆಚ್ಚಲು ಬಾವಿಗೆ ಔಷಧ ನಡೆಯುತ್ತಿದೆ, ಎಷ್ಟು ದಿನ ಅದರ ಹಾಲು ಡಬ್ಬಿಗೆ ಸೇರಬಾರದು, ಇವನ್ನೆಲ್ಲ ಬರೆದಿಡಬೇಕು. ಔಷಧ ನಡೆಯುತ್ತಿರುವ ಹಸುವಿನ ಕಾಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಕಟ್ಟುವುದು ಅಲ್ಲಿ ರೂಢಿ, ಏಕೆಂದರೆ ಒಂದು ಹಸುವಿನ ಔಷಧದ ಹಾಲು ಇಡೀ ಟ್ಯಾಂಕರನ್ನೇ ಕೆಡಿಸಬಲ್ಲದು. ಅದೇ ಲೊಮಿತ್ತಾಯ ವರ್ಷಗಟ್ಟಲೆ ಅದೇ ಮನೆಗೆ ಬರುತ್ತಿದ್ದರೆ ಹಸುಗಳೂ ಅವರ ದನಿ ಗುರುತಿಸುತ್ತವೆ. ಆಮೇಲೆ ಬೀಗದ ಕೈ ಕೊಟ್ಟು ಹೊರಟರೆ ಆಯಿತು.

ಮನೆಯನ್ನೇ ಗಾಡಿಗೆ ಕಟ್ಟಿಕೊಂಡು

ಹೊರಡುವುದು ಕ್ಯಾರವಾನ್‌ನಲ್ಲಿ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಎರಡು ಗಾಲಿಯ ಅಥವಾ ನಾಲ್ಕು ಗಾಲಿಯ ಮನೆ ಅದು. ಗಾಡಿಯೇ ಮನೆಯಾಗಿರುವುದೂ ಇದೆ, ಅದು ಮೋಟಾರ್‌ಹೋಮ್. ಅಮೆರಿಕದಲ್ಲಿ ಇಂಥವನ್ನೆಲ್ಲ ಸೇರಿಸಿ ಆರ್‌ವಿ ಎನ್ನುತ್ತಾರೆ. ಒಳಗೆ ಮಡಚುವ ಹಾಸಿಗೆ, ಎರಡು ಒಲೆಯ ಗ್ಯಾಸು, ಚಿಕ್ಕ ಫ್ರಿಜ್ಜು, ನೀರಿನ ತೊಟ್ಟಿ, ಬಟ್ಟೆಯ ಕಪಾಟು, ಮೂಲೆಯಲ್ಲಿ ಶೌಚದ ಗೂಡು. ಕ್ಯಾರವಾನ್ ಎಳೆಯುವ ಕಾರು ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ, ಹಾಗಾಗಿ ಪ್ರಯಾಣ ನಿಧಾನ. ಶೌಚದ ಗೂಡಿನ ಕೆಳಗೆ ಎಳೆದು ತೆಗೆಯುವ ಡಬ್ಬವಿರುತ್ತದೆ. ಅದನ್ನು ಬಿಡಾರದ ಬಯಲಿನಲ್ಲಿ ಅದಕ್ಕೆಂದೇ ಮಾಡಿರುವ ಗುಂಡಿಯಲ್ಲಿ ಮಾತ್ರ ಖಾಲಿ ಮಾಡಬೇಕು. ಪಾತ್ರೆ ತೊಳೆದ ನೀರನ್ನೂ ಸರೋವರಕ್ಕೆ ಚೆಲ್ಲುವಂತಿಲ್ಲ. ಪೇಟೆಯವರು ಆ ಡಬ್ಬದ ಮಾತೆತ್ತಿದರೆ ಮುಖ ಕಿವಿಚುತ್ತಾರೆ. ದಿನವೂ ಸಗಣಿ ಬಾಚುವ ನಿಮಗೆ ಅದೊಂದು ಕೆಲಸವೇ ಅಲ್ಲ.

ಫಿನ್‌ಲೆಂಡಿನ ಅತಿ ದೊಡ್ಡ ಸರೋವರ ಸೈಮಾ. ನೀರಿನ ನಡುವೆ ಸಾವಿರಾರು ನಡುಗಡ್ಡೆ, ದಡದುದ್ದಕ್ಕೂ ಪೈನ್ ಮತ್ತು ಬರ್ಚ್ ಮರಗಳು. ಒಂದು ಜಾತಿಯ ನೀರುನಾಯಿಯಂಥ ಪ್ರಾಣಿ, ಸೈಮಾ ಸೀಲ್, ಲೋಕದಲ್ಲಿ ಇರುವುದು ಇದೊಂದೇ ಸರೋವರದಲ್ಲಿ. ಉಳಿದಿರುವುದು ಕೆಲವೇ ನೂರು. ಅಲ್ಲಿನ ಪುಂಕಹಾರ್ಯು ಎಂಬಲ್ಲಿ ಎರಡೂ ಕಡೆ ನೀರು, ನಡುವೆ ಏಳು ಕಿಲೋಮೀಟರ್ ಉದ್ದದ ಕಿರಿದಾದ ದಿಬ್ಬ, ದಿಬ್ಬದ ಮೇಲೆ ಕಾಡು, ಕಾಡಿನೊಳಗೆ ರಸ್ತೆ. ಇಂಥ ಕಡೆಗಳಲ್ಲಿ ಕ್ಯಾರವಾನ್ ನಿಲ್ಲಿಸಲು ಬಿಡಾರದ ಬಯಲುಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಅಂಕಣ, ಪಕ್ಕದಲ್ಲೇ ವಿದ್ಯುತ್ ಕಂಬ, ಸ್ವಲ್ಪ ದೂರದಲ್ಲಿ ಸ್ನಾನದ ಮನೆ ಮತ್ತು ಎಲ್ಲರಿಗೂ ಸೇರಿದ ಅಡುಗೆಮನೆ. ಡೇರೆ ಹಾಕುವವರಿಗೆ ಬೇರೆ ಜಾಗ. ಡೇರೆಯೂ ಬೇಡ ಕ್ಯಾರವಾನೂ ಇಲ್ಲ ಎನ್ನುವವರಿಗೆ ಬಾಡಿಗೆಗೆ ಮರದ ಪುಟ್ಟ ಮನೆಗಳು.

ಅಲ್ಲಿನ ದಿನ ಹೇಗಿರುತ್ತದೆ ನೋಡಿ. ಜೂನ್ ಕೊನೆಯಲ್ಲಿ ರಾತ್ರಿ ಹತ್ತೂವರೆಯಾದರೂ ಸೂರ್ಯ ಮುಳುಗಿರುವುದಿಲ್ಲ, ನಾಲ್ಕಕ್ಕೆಲ್ಲ ಮತ್ತೆ ಹುಟ್ಟಿರುತ್ತಾನೆ. ನಾಲ್ಕೂವರೆಗೆ ಏಳುವ ಅಭ್ಯಾಸದ ಹೈನುಗಾರ್ತಿಗೆ ಮೊದಲೆರಡು ದಿನ ಎಚ್ಚರವಾಗಿಬಿಡುತ್ತದೆ. ಎದ್ದು ಕೂತರೆ ಮಾಡಲು ಏನೂ ಇಲ್ಲ. ನೀರಿನ ಮೇಲೆ ಮಂಜು ಎದ್ದಿರುತ್ತದೆ, ಅಕ್ಕಪಕ್ಕದ ಬಿಡಾರಗಳಲ್ಲಿ ಎಲ್ಲರೂ ಮಲಗಿರುತ್ತಾರೆ. ಎದ್ದೂ ಕೆಲಸವಿಲ್ಲದ ಆ ಒಂದು ಗಂಟೆ ಹೇಗಿರಬಹುದು ಎಂದು ನಿಮಗಿಂತ ಚೆನ್ನಾಗಿ ಊಹಿಸಬಲ್ಲವರು ಯಾರು?

ಹಗಲೆಲ್ಲ ಮಕ್ಕಳು ನೀರಿನಲ್ಲಿ. ದೊಡ್ಡವರು ದೋಣಿ ಹುಟ್ಟು ಹಾಕುತ್ತಾರೆ, ಮೀನಿಗೆ ಗಾಳ ಹಾಕುತ್ತಾರೆ, ಇಲ್ಲವೇ ಸುಮ್ಮನೆ ಕೂರುತ್ತಾರೆ. ಜುಲೈ ಕಳೆಯುತ್ತ ಬಂದಂತೆ ಕಾಡಿನ ನೆಲದಲ್ಲಿ ನೀಲಿ ಹಣ್ಣುಗಳು ಮಾಗುತ್ತವೆ. ಯಾರದೇ ಕಾಡಾಗಿರಲಿ, ಒಳಗೆ ನಡೆದು ಹೋಗಲು, ಹಣ್ಣು ಅಣಬೆ ಆರಿಸಲು, ಒಂದೆರಡು ರಾತ್ರಿ ಡೇರೆ ಹಾಕಲು ಆ ದೇಶದಲ್ಲಿ ಎಲ್ಲರಿಗೂ ಹಕ್ಕಿದೆ. ಜನರ ಮನೆಗಳಿಂದ ದೂರವಿರಬೇಕು, ಬೆಳೆ ತುಳಿಯಬಾರದು. ವಾಹನ ನುಗ್ಗಿಸಲು ಮತ್ತು ಬೆಂಕಿ ಹಾಕಲು ಮಾತ್ರ ನೆಲದ ಒಡೆಯರ ಒಪ್ಪಿಗೆ ಬೇಕು. ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನಗಳಲ್ಲಿ ಒಪ್ಪಿಗೆ ಇದ್ದರೂ ಬಯಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ.

ಸಂಜೆಗೆ ಸೌನಾ. ದಡದ ಮರದ ಕೋಣೆಯಲ್ಲಿ ಒಲೆಯ ಮೇಲೆ ಕಲ್ಲುಗಳನ್ನು ಕಾಯಿಸಿ, ಅವುಗಳ ಮೇಲೆ ನೀರು ಎರಚಿ, ಎದ್ದ ಹಬೆಯಲ್ಲಿ ಕೂರುವ ಸ್ನಾನ ಅದು. ಬೆವರು ಇಳಿದ ಮೇಲೆ ಹೊರಗೆ ಬಂದು ನೇರ ಸರೋವರಕ್ಕೆ ಇಳಿಯುತ್ತಾರೆ. ಹೆಂಗಸರಿಗೆ ಒಂದು ಸರದಿ, ಗಂಡಸರಿಗೆ ಒಂದು ಸರದಿ. ವರ್ಷವಿಡೀ ಬಗ್ಗಿ ಕೆಲಸ ಮಾಡಿದ ಸೊಂಟಕ್ಕೆ ನಮ್ಮ ಎಣ್ಣೆ ನೀರು ಇದ್ದಂತೆ ಅವರಿಗೆ ಇದು. ಇದನ್ನು 2020ರಲ್ಲಿ ಯುನೆಸ್ಕೋ ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಊಟದ ವಿಷಯಕ್ಕೆ ಬಂದರೆ, ಬೇಯಿಸಿದ ಎಳೆ ಆಲೂಗಡ್ಡೆಗೆ ಬೆಣ್ಣೆ, ಹುರಿದ ಚಿಕ್ಕ ಮೀನು, ಕಪ್ಪು ರೊಟ್ಟಿ, ಲೋಟಗಟ್ಟಲೆ ಹಾಲು ಮತ್ತು ಹುಳಿ ಮಜ್ಜಿಗೆ. ಇದರ ಜೊತೆಗೆ ನಿಮಗೆ ಅಚ್ಚರಿಯಾಗುವಂಥದ್ದು ಇನ್ನೊಂದಿದೆ. ಅವರೂ ಗಿಣ್ಣು ಮಾಡುತ್ತಾರೆ! ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲನ್ನು ಒಲೆಯೊಳಗಿಟ್ಟು ಬೇಯಿಸಿ ಗಟ್ಟಿ ಮಾಡುವ ಪದ್ಧತಿ ಅಲ್ಲೂ ಹಳೆಯದು. ಬೆಲ್ಲ ಏಲಕ್ಕಿ ಇಲ್ಲ, ಅಷ್ಟೇ. ರೊಟ್ಟಿಯ ಹಾಗೆ ಚಪ್ಪಟೆಯಾಗಿ ಸುಟ್ಟು ಮಾಡುವ, ಕಂದು ಚುಕ್ಕೆಗಳಿರುವ ಒಂದು ಗಿಣ್ಣನ್ನೂ ಮೊದಲೆಲ್ಲ ಇದೇ ಹಾಲಿನಿಂದ ಮಾಡುತ್ತಿದ್ದರು. ಈಗ ಮಾಮೂಲಿ ಹಾಲಿನಲ್ಲಿ ಮಾಡಿ ಅಂಗಡಿಯಲ್ಲಿ ಮಾರುತ್ತಾರೆ, ಹಣ್ಣಿನ ಪಾಕ ಹಚ್ಚಿಕೊಂಡು ತಿನ್ನುತ್ತಾರೆ.

ಎಲ್ಲ ಸುಖವೇ ಅಂದುಕೊಳ್ಳಬೇಡಿ. ಸೊಳ್ಳೆ ವಿಪರೀತ. ನಡು ಬೇಸಿಗೆಯಲ್ಲೂ ಮಳೆ ಹಿಡಿದರೆ ಮೂರು ದಿನ ಗಾಡಿಯೊಳಗೇ ಕೂರಬೇಕು. ಉಣ್ಣೆಯ ಕಾಟವೂ ಇದೆ. ಅಲ್ಲಿನ ಉಣ್ಣೆ ಕಚ್ಚಿದರೆ ಮಿದುಳಿಗೆ ಜ್ವರ ಏರುವ ಕಾಯಿಲೆ ಬರಬಹುದು. ಅದರ ವೈರಸ್ಸು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಬಳಗದ್ದೇ. ಹಾಗಾಗಿ ಕಾಡಿಂದ ಬಂದ ಮಕ್ಕಳ ಕಾಲು, ಕಂಕುಳು, ಕಿವಿಯ ಹಿಂದೆ ಹುಡುಕಿ ನೋಡುವುದು ಅಲ್ಲಿನ ತಾಯಂದಿರಿಗೂ ಸಂಜೆಯ ಕೆಲಸ. ಮಲೆನಾಡಿನ ಓದುಗರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ರಜೆಯ ಪದ್ಧತಿಯಲ್ಲೂ ಕೊರತೆಗಳಿವೆ. ಬೇಕೆಂದ ವಾರಕ್ಕೆ ಬದಲಿಗೆ ಬರುವವರು ಸಿಗದೆ ಹೋಗಬಹುದು. ರಜೆ ಹಾಕಿ ಹೊಲದ ಕೆಲಸ ಮುಗಿಸಿಕೊಳ್ಳುವವರೂ ಇದ್ದಾರೆ. ಅಲ್ಲದೆ ರಜೆ ಇದ್ದ ಮಾತ್ರಕ್ಕೆ ಹೈನುಗಾರಿಕೆ ಉಳಿಯುತ್ತದೆ ಎಂದೂ ಇಲ್ಲ. 1995ರಲ್ಲಿ ಆ ದೇಶ ಯುರೋಪಿನ ಒಕ್ಕೂಟ ಸೇರಿದಾಗ 30 ಸಾವಿರಕ್ಕೂ ಹೆಚ್ಚು ಹೈನು ಮನೆಗಳಿದ್ದವು, ಈಗ 5 ಸಾವಿರವೂ ಇಲ್ಲ. ಉಳಿದವರು ಮನೆಗೆ ಸರಾಸರಿ 50ರ ಆಸುಪಾಸು ಹಸು ಕಟ್ಟಿದ್ದಾರೆ, ಎಷ್ಟೋ ಕಡೆ ಹಾಲು ಕರೆಯುವುದು ಯಂತ್ರಮಾನವ. ಆ ಯಂತ್ರ ಕೆಟ್ಟರೆ ಸರೋವರದ ದಡದಲ್ಲಿದ್ದವರ ಮೊಬೈಲಿಗೆ ಸದ್ದು ಬರುತ್ತದೆ. ಕೊಟ್ಟಿಗೆ ಹಿಂದೆಯೇ ಬರುವುದು ಅವರಿಗೂ ತಪ್ಪಿಲ್ಲ.

ನಮ್ಮ ಊರಿನಲ್ಲಿ

ಸರ್ಕಾರ ಕೂಲಿ ಕೊಟ್ಟು ಆಳು ಕಳಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಆದರೆ ಅವರ ಪದ್ಧತಿಯ ತಿರುಳು ನಮ್ಮ ಕೈಗೆಟುಕದ್ದಲ್ಲ. ನಿಮ್ಮ ಹಸುವಿಗೆ ನಿಮ್ಮನ್ನು ಬಿಟ್ಟು ಇನ್ನೊಬ್ಬರ ಕೈ ಪರಿಚಯವಿರಬೇಕು, ಅಷ್ಟೇ. ಸಂಘದಲ್ಲಿ ನಿಮ್ಮ ಹಿಂದೆ ಮುಂದೆ ಕ್ಯಾನ್ ಹಿಡಿದು ನಿಲ್ಲುವ ಒಬ್ಬ ಅಕ್ಕನೊಂದಿಗೆ ಜೋಡಿ ಮಾಡಿಕೊಳ್ಳಿ. ನಿಮ್ಮ ಹಸು ಅವರಿಗೆ, ಅವರ ಹಸು ನಿಮಗೆ.

ಒಮ್ಮೆಗೇ ಬಿಟ್ಟು ಹೋದರೆ ಆಗುವುದಿಲ್ಲ. ಹೊಸ ಕೈ ಕಂಡು ಹೆದರಿದ ಹಸು ಹಾಲು ಇಳಿಸುವುದಿಲ್ಲ. ಕೆಚ್ಚಲು ತೊಳೆದು ಒರೆಸಿದಾಗ ರಕ್ತದಲ್ಲಿ ಒಂದು ರಸ ಬಿಡುಗಡೆಯಾಗಿ ಹಾಲು ಮೊಲೆಗೆ ಇಳಿಯುತ್ತದೆ. ಅದರ ಶಕ್ತಿ ಐದರಿಂದ ಏಳು ನಿಮಿಷ. ಹೆದರಿಕೆಯಾದರೆ ಈ ರಸದ ಕೆಲಸ ನಿಂತುಹೋಗುತ್ತದೆ. ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲು ಬಾವಿಗೆ ದಾರಿ. ಆದ್ದರಿಂದ ಹೊರಡುವ ಒಂದು ವಾರ ಮುಂಚೆ ಆ ಅಕ್ಕ ನಿಮ್ಮ ಕೊಟ್ಟಿಗೆಗೆ ಬರಲಿ. ಮೊದಲು ಹಿಂಡಿ ಕಲಸಿ ಇಡಲಿ, ಮೈ ಸವರಲಿ, ಆಮೇಲೆ ನಿಮ್ಮೆದುರಿಗೇ ಕರೆಯಲಿ. ಕರೆಯುವ ಹೊತ್ತು, ಮೊದಲು ಯಾವ ಹಸು ಎಂಬ ಕ್ರಮ, ನೀವು ಹಸುವನ್ನು ಕರೆಯುವ ಹೆಸರು, ಯಾವುದೂ ಬದಲಾಗದಿರಲಿ. ಕರು ಬಿಟ್ಟು ಕರೆಯುವ ಅಭ್ಯಾಸವಿದ್ದರೆ ಹಾಗೆಯೇ. ಔಷಧ ನಡೆಯುತ್ತಿರುವ ಹಸು ಇದ್ದರೆ ಅದರ ಕೊಂಬಿಗೋ ಕಾಲಿಗೋ ಕೆಂಪು ಬಟ್ಟೆ ಕಟ್ಟಿ, ಯಾವ ತಾರೀಖಿನವರೆಗೆ ಹಾಲು ಡೇರಿಗೆ ಹಾಕಬಾರದು ಎಂದು ಗೋಡೆಯ ಮೇಲೆ ಬರೆಯಿರಿ. ಪಶುವೈದ್ಯರ ಫೋನ್ ನಂಬರೂ ಅಲ್ಲೇ ಇರಲಿ.

ಒಂದೇ ಹಸು ಇರುವವರಿಗೆ ಇನ್ನೂ ಸುಲಭದ ಸಮಯವಿದೆ. ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸುತ್ತೀರಲ್ಲ, ಆ ಅವಧಿ. ಬತ್ತಿಸಿದ ಮೊದಲ ಎರಡು ವಾರ ಕೆಚ್ಚಲು ಊದಿಕೊಂಡಿದೆಯೇ ಎಂದು ನೋಡುತ್ತಿರಬೇಕು. ಕೊನೆಯ ಮೂರು ವಾರ ಹತ್ತಿರವೇ ಇರಬೇಕು. ನಡುವಿನ ಮೂರು ವಾರಗಳಲ್ಲಿ ಮೇವು ನೀರು ನೋಡುವವರು ಒಬ್ಬರಿದ್ದರೆ ಸಾಕು. ಗಬ್ಬದ ತಾರೀಖು ಬರೆದಿಟ್ಟುಕೊಂಡಿದ್ದರೆ ಈ ಮೂರು ವಾರ ಯಾವ ತಿಂಗಳಲ್ಲಿ ಬರುತ್ತದೆ ಎಂದು ಈಗಲೇ ಲೆಕ್ಕ ಹಾಕಬಹುದು. ಕರು ಹಾಕಿದ ಹೊಸತರಲ್ಲಿ ಮಾತ್ರ ಯಾವ ಕಾರಣಕ್ಕೂ ಕೈ ಬದಲಾಯಿಸಬೇಡಿ.

ಎಲ್ಲಿಗೆ ಹೋಗಬೇಕು ಎಂಬುದು ನಿಮಗೆ ಬಿಟ್ಟದ್ದು. ಸರೋವರದ ದಡವೇ ಆಗಬೇಕೆಂದಿಲ್ಲ, ತವರಿನ ಜಗಲಿಯೂ ಆದೀತು. ಶರಾವತಿ, ಕಬಿನಿ ಹಿನ್ನೀರಿನ ಕಡೆ ಹೋಗುವ ಆಸೆಯಿದ್ದರೆ ಒಂದು ಮಾತು ನೆನಪಿರಲಿ. ಫಿನ್‌ಲೆಂಡಿನಂತೆ ನಮ್ಮ ಕಾಡಿನಲ್ಲಿ ಬೇಕಾದಲ್ಲಿ ಡೇರೆ ಹಾಕುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಕಾಡುಗಳಲ್ಲಿ ಆನೆ ಇದೆ, ಚಿರತೆ ಇದೆ. ಅನುಮತಿ ಇರುವ ಶಿಬಿರಗಳಲ್ಲೇ ಉಳಿಯಿರಿ. ಹಿನ್ನೀರಿನಲ್ಲಿ ಎಲ್ಲಿ ಆಳ, ಎಲ್ಲಿ ಕೆಸರು ಎಂದು ದಡದಲ್ಲಿ ನಿಂತರೆ ತಿಳಿಯುವುದಿಲ್ಲ. ಮಕ್ಕಳನ್ನು ಇಳಿಸಬೇಡಿ.

ಹೊರಡುವ ಹಿಂದಿನ ದಿನ ಸಂಘದ ಕಾರ್ಯದರ್ಶಿಗೆ ಹೇಳಿ ಹೋಗಿ. ಜೋಡಿಯ ಅಕ್ಕ ನಿಮ್ಮ ಹಾಲನ್ನು ತಮ್ಮ ಹಾಲಿನೊಂದಿಗೆ ಬೆರೆಸದೆ, ಬೇರೆ ಕ್ಯಾನಿನಲ್ಲಿ ತಂದು, ನಿಮ್ಮ ಸದಸ್ಯ ಸಂಖ್ಯೆಯಲ್ಲೇ ಹಾಕಲಿ. ಲೀಟರು, ಫ್ಯಾಟ್, ಎಸ್‌ಎನ್‌ಎಫ್ ಬರೆದ ಚೀಟಿಯನ್ನು ಎರಡೂ ಹೊತ್ತು ತೆಗೆದಿಡಲಿ. ಬಂದ ಮೇಲೆ ಆ ಚೀಟಿಗಳನ್ನು ನೋಡಿ. ಮೊದಲ ದಿನ ಅರ್ಧ ಲೀಟರೋ ಒಂದು ಲೀಟರೋ ಇಳಿದಿದ್ದರೆ ಗಾಬರಿ ಬೇಡ, ನಿಮ್ಮ ಕೈ ತಾಗಿದ ಮೇಲೆ ಸರಿಹೋಗುತ್ತದೆ. ಮೊದಲ ಸಲಕ್ಕೆ ಒಂದೇ ರಾತ್ರಿ ಹೋಗಿಬನ್ನಿ. ಮುಂದಿನ ತಿಂಗಳು ಆ ಅಕ್ಕನ ಸರದಿ.